ರಿಂಕಿನ ಮಂಜು ಮತ್ತು ನನ್ನ ಮೊಡವೆ ಪುಸ್ತಕ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಒಳಾಂಗಣ ಐಸ್ ರಿಂಕಿನ ಒಂದು ಫೋಟೋ ಹಾಕಿದ್ದೀರಿ. ಐಸಿನ ಮೇಲೆ ಮೊಣಕಾಲೆತ್ತರಕ್ಕೆ ಬಿಳಿ ಮಂಜು. ಅದರ ನಡುವೆ ಒಬ್ಬ ಹುಡುಗಿ ಒಂಟಿಕಾಲಲ್ಲಿ ಜಾರಿಕೊಂಡು ಹೋಗುತ್ತಿದ್ದಾಳೆ. ಕೆಳಗೆ ‘ಮೋಡದ ಮೇಲಿನ ನಡಿಗೆ’ ಅಂತ ಒಂದು ಸಾಲು. ಫೋಟೋ ಚೆನ್ನಾಗಿಲ್ಲ ಅಂತ ಹೇಳಲಾರೆ. ನನ್ನ ಹೆಂಡತಿ ಅದನ್ನು ಕತ್ತರಿಸಿ ಇಟ್ಟುಕೊಳ್ಳೋಣ ಅಂದಳು. ನನಗೆ ಮಾತ್ರ ಹಳೇ ಸಂಕಟವೊಂದು ಮತ್ತೆ ಎದ್ದಿತು. ಇಪ್ಪತ್ತಾರು ವರ್ಷ ಒಂದು ರಿಂಕಿನಲ್ಲಿ ಕಂಪ್ರೆಸರ್ ನೋಡಿಕೊಂಡು, ಐಸ್ ಕಾದು ನಿವೃತ್ತನಾದವನು ನಾನು. ರಿಂಕಿನಲ್ಲಿ ಮಂಜು ಎದ್ದಿದೆ ಅಂದರೆ ನಮ್ಮ ಕಸುಬಿನವರಿಗೆ ಮನೆಯಲ್ಲಿ ಮಗುವಿನ ಮೈ ಕಾದಂತೆ. ಯಾರೂ ಅದರ ಫೋಟೋ ತೆಗೆಯುವುದಿಲ್ಲ, ಥರ್ಮಾಮೀಟರ್ ಹುಡುಕುತ್ತಾರೆ.

ಆ ಮಂಜು ಎಲ್ಲಿಂದ ಬರುತ್ತದೆ? ಐಸಿನಿಂದ ಹೊಗೆ ಏಳುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಹೊರಗಿನ ಗಾಳಿ ಹೊತ್ತು ತಂದ ನೀರು. ಗಾಳಿ ಬೆಚ್ಚಗಿದ್ದಷ್ಟೂ ಅದರಲ್ಲಿ ನೀರಿನ ಹಬೆಗೆ ಜಾಗ ಜಾಸ್ತಿ. 30 ಡಿಗ್ರಿ ಸೆಲ್ಸಿಯಸ್ ಇರುವಾಗ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ಹಬೆ ಇರಬಲ್ಲದು. 10 ಡಿಗ್ರಿಗೆ ಇಳಿದರೆ 9 ಗ್ರಾಂ ಚಿಲ್ಲರೆ. ಸೊನ್ನೆಗೆ ಬಂದರೆ 5 ಗ್ರಾಂ ಕೂಡ ಇಲ್ಲ. ರಿಂಕಿನ ಐಸಿನ ಮೇಲ್ಮೈ ಸೊನ್ನೆಗಿಂತ 3ರಿಂದ 6 ಡಿಗ್ರಿ ಕೆಳಗಿರುತ್ತದೆ. ಸೆಕೆಯ ದಿನ ಬಾಗಿಲು ತೆಗೆದರೆ ಒಳಗೆ ಬಂದ ಗಾಳಿ ಐಸಿನ ಹತ್ತಿರ ತಣ್ಣಗಾಗಿ ತನ್ನ ಹೊರೆಯನ್ನು ಅಲ್ಲೇ ಇಳಿಸುತ್ತದೆ. ಸಣ್ಣ ಹನಿಗಳಾಗಿ ತೇಲಿದರೆ ಮಂಜು. ಐಸಿನ ಮೇಲೆ ಕೂತರೆ ಬಿಳಿ ಪುಡಿ. ಛಾವಣಿಗೆ ಅಂಟಿಕೊಂಡರೆ ತೊಟ್ಟಿಕ್ಕುವ ನೀರು.

ದೊಡ್ಡ ದೊಡ್ಡವರೂ ಇದರ ಕೈಗೆ ಸಿಕ್ಕಿದ್ದಾರೆ. 1975ರ ಮೇ 20ರಂದು ಅಮೆರಿಕದ ಬಫಲೋ ಊರಿನ ಮೆಮೋರಿಯಲ್ ಆಡಿಟೋರಿಯಂನಲ್ಲಿ, ಐಸ್ ಹಾಕಿ ಆಟದ ದೊಡ್ಡ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಫೈನಲ್ಸ್‌ನ ಮೂರನೇ ಪಂದ್ಯ. ಬಫಲೋ ಸೇಬರ್ಸ್ ಮತ್ತು ಫಿಲಡೆಲ್ಫಿಯಾ ಫ್ಲೈಯರ್ಸ್ ನಡುವೆ. ಹೊರಗೆ ಸೆಕೆ, ಒಳಗೆ ಎಸಿ ಇಲ್ಲ, ಸ್ಟ್ಯಾಂಡ್ ತುಂಬ ಜನ. ಐಸಿನ ಮೇಲೆ ಎಂಥ ಮಂಜು ಕವಿಯಿತೆಂದರೆ ಆಟವನ್ನು ಮತ್ತೆ ಮತ್ತೆ ನಿಲ್ಲಿಸಿ, ಮಂಜು ಚದುರಿಸಲೆಂದು ಆಟಗಾರರು ಸುತ್ತು ಹಾಕಬೇಕಾಯಿತು. ಸಿಬ್ಬಂದಿ ಬೆಡ್‌ಶೀಟ್ ಬೀಸಿದರು. ಸಾಲದ್ದಕ್ಕೆ ಒಂದು ಬಾವಲಿ ಬೇರೆ ಹಾರಾಡಿತು! ಓವರ್‌ಟೈಮ್‌ನಲ್ಲಿ ರೆನೆ ರಾಬರ್ಟ್ ಹೊಡೆದ ಗೋಲಿನಿಂದ ಬಫಲೋ 5–4ರಲ್ಲಿ ಗೆದ್ದಿತು. ಜನ ಆ ಪಂದ್ಯವನ್ನು ಈಗಲೂ ನಕ್ಕು ನೆನೆಸುತ್ತಾರೆ. ಆ ರಾತ್ರಿ ಕಂಪ್ರೆಸರ್ ಕೋಣೆಯಲ್ಲಿ ಇದ್ದವರು ನಕ್ಕಿರಲಾರರು.

ನಮ್ಮ ರಿಂಕಿನಲ್ಲಿ ಬಾವಲಿ ಇರಲಿಲ್ಲ. ಮೊಡವೆ ಇತ್ತು. ಛಾವಣಿಯಿಂದ ಬಿದ್ದ ಹನಿ ಐಸಿನ ಮೇಲೆ ಅಲ್ಲೇ ಗಟ್ಟಿಯಾಗಿ, ಅದರ ಮೇಲೆ ಇನ್ನೊಂದು ಹನಿ ಬಿದ್ದು, ಬೆಳಗಾಗುವ ಹೊತ್ತಿಗೆ ಹೆಬ್ಬೆರಳಿನಷ್ಟು ಗುಳ್ಳೆ ನಿಂತಿರುತ್ತಿತ್ತು. ನಾವು ಅದಕ್ಕೆ ಮೊಡವೆ ಅನ್ನುತ್ತಿದ್ದೆವು. ಛಾವಣಿಯ ಕಬ್ಬಿಣದ ತೊಲೆಯ ಕೆಳಗಿನವು ತುಕ್ಕಿನ ಬಣ್ಣ, ಬೇರೆ ಕಡೆಯವು ಬಿಳಿ. ವೇಗವಾಗಿ ಬರುವವರ ಬ್ಲೇಡ್ ಅದಕ್ಕೆ ತಾಗಿದರೆ ಮುಗಿಯಿತು, ಮೂಗು ಐಸಿಗೆ. ಹಾಗಾಗಿ ಬೆಳಿಗ್ಗೆ 5 ಗಂಟೆಗೆ ನನ್ನ ಮೊದಲ ಕೆಲಸವೇ ಟಾರ್ಚು, ಕೆರೆಯುವ ಸಲಾಕೆ ಹಿಡಿದು ಮೊಡವೆ ಹುಡುಕುವುದು.

ಸುಮ್ನೆ ಕೆರೆದು ಕೆರೆದು ಬೇಜಾರಾಗಿ ಒಂದು ದಿನ ಎಣಿಸಲು ಶುರು ಮಾಡಿದೆ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಹೊರಗಿನ ಹವೆ, ಹಿಂದಿನ ಸಂಜೆ ಎಷ್ಟು ಜನ ಬಂದಿದ್ದರು, ಬೆಳಿಗ್ಗೆ ಮೊಡವೆ ಎಷ್ಟು. ಜೊತೆಯವರು ಅದಕ್ಕೆ ‘ಮೊಡವೆ ಪುಸ್ತಕ’ ಅಂತ ಹೆಸರಿಟ್ಟು ಗೇಲಿ ಮಾಡಿದರು. ಆದರೆ ನಾಲ್ಕು ತಿಂಗಳಾಗುವಷ್ಟರಲ್ಲಿ ಪುಸ್ತಕ ಮಾತಾಡತೊಡಗಿತು. ತುಂಬಾ ಬಿಸಿಲಿದ್ದ ದಿನ ಮೊಡವೆ ಜಾಸ್ತಿ ಅಂತ ನಾನು ನಂಬಿದ್ದೆ. ಹಾಗಿರಲಿಲ್ಲ. ಒಣ ಬಿಸಿಲಿನ ಮರುದಿನ 6, 8, ಹೀಗೆ. ಮಳೆ ಹಿಡಿದು ಕೂತ ದಿನದ ಮರುದಿನ 40 ದಾಟುತ್ತಿತ್ತು. ಶನಿವಾರ ಸಂಜೆ ಜನ ಕಿಕ್ಕಿರಿದಿದ್ದರೆ ಭಾನುವಾರ ಬೆಳಿಗ್ಗೆ ಸೊಂಟ ನೋವು ಗ್ಯಾರಂಟಿ. ಸುಮ್ಮನೆ ಕೂತ ಒಬ್ಬ ಮನುಷ್ಯನ ಉಸಿರು ಮತ್ತು ಮೈಯಿಂದಲೇ ಗಂಟೆಗೆ ಸುಮಾರು 50 ಗ್ರಾಂ ನೀರು ಗಾಳಿಗೆ ಸೇರುತ್ತದೆ. ಓಡುವವನದು ಇನ್ನೂ ಜಾಸ್ತಿ. ಸಾವಿರ ಜನ ಎರಡು ಗಂಟೆ ಕೂತರೆ ನೂರು ಲೀಟರ್! ಅದು ಎಲ್ಲಿಗೆ ಹೋಗಬೇಕು ಹೇಳಿ?

ಜನರಿಗಿಂತ ದೊಡ್ಡ ಕಳ್ಳ ಅಂದರೆ ಬಾಗಿಲು. ಒಂದು ಲೆಕ್ಕ ಕೊಡುತ್ತೇನೆ, ಬೇಸರಿಸಬೇಡಿ. ರಿಂಕಿನ ಹಾಲ್ 20,000 ಘನ ಮೀಟರ್ ಇದೆ ಅಂದುಕೊಳ್ಳಿ. ಒಳಗೆ 12 ಡಿಗ್ರಿ, ತೇವಾಂಶ ಶೇ 50. ಅಂದರೆ ಘನ ಮೀಟರಿಗೆ 5 ಗ್ರಾಂ ಚಿಲ್ಲರೆ ನೀರು. ಹೊರಗೆ 28 ಡಿಗ್ರಿ, ತೇವಾಂಶ ಶೇ 80. ಅದರಲ್ಲಿ ಸುಮಾರು 22 ಗ್ರಾಂ. ಒಳಗಿನ ಗಾಳಿ ಒಂದೇ ಒಂದು ಸಲ ಪೂರ್ತಿ ಬದಲಾದರೆ ಹೆಚ್ಚುವರಿಯಾಗಿ ಒಳಗೆ ಬಂದ ನೀರು 300 ಲೀಟರಿಗೂ ಮೇಲೆ. ಮೂರು ದೊಡ್ಡ ಡ್ರಮ್ ನೀರನ್ನು ಯಾರೂ ಕಾಣದ ಹಾಗೆ ಒಳಗೆ ಸಾಗಿಸಿದಂತೆ. ಈ ನೀರು ಪೈಪ್ ಒಡೆದು ಬಂದಿದ್ದರೆ ಕಟ್ಟಡದವರೆಲ್ಲ ಓಡಿ ಬರುತ್ತಿದ್ದರು, ಅಲ್ವಾ?

ಇನ್ನು ಗೋಡೆಯ ಮೇಲಿನ ಮೀಟರ್ ವಿಷಯ. ನಮ್ಮ ಆಡಳಿತದವರು ಒಂದು ತೇವಾಂಶದ ಮೀಟರ್ ತಂದು ಪ್ರೇಕ್ಷಕರ ಸ್ಟ್ಯಾಂಡಿನಲ್ಲಿ, ಹೀಟರ್ ಹತ್ತಿರ ಹಾಕಿದರು. ಅಲ್ಲಿ 20 ಡಿಗ್ರಿ. ಮೀಟರ್ ಶೇ 45 ತೋರಿಸುತ್ತಿತ್ತು. ‘ನೋಡಿ, 50ಕ್ಕಿಂತ ಕಡಿಮೆ ಇದೆ, ಎಲ್ಲ ಸರಿಯಾಗಿದೆ’ ಅಂತ ನನಗೆ ಪಾಠ. ಈ ಶೇಕಡಾ ಲೆಕ್ಕ ಬಹಳ ಮೋಸದ್ದು. ಅದು ಗಾಳಿಯಲ್ಲಿ ಎಷ್ಟು ನೀರಿದೆ ಅಂತ ಹೇಳುವುದಿಲ್ಲ. ಆ ಬಿಸಿಗೆ ಎಷ್ಟು ತಡೆಯಬಹುದೋ ಅದರಲ್ಲಿ ಎಷ್ಟು ಪಾಲು ಇದೆ ಅಂತ ಹೇಳುತ್ತದೆ. ಬಿಸಿ ಜಾಗಕ್ಕೆ ಮೀಟರ್ ಒಯ್ದರೆ ಸಂಖ್ಯೆ ತಾನಾಗಿ ಇಳಿಯುತ್ತದೆ, ನೀರು ಒಂದು ತೊಟ್ಟೂ ಕಡಿಮೆಯಾಗಿರುವುದಿಲ್ಲ.

ನೋಡಬೇಕಾದ್ದು ಇಬ್ಬನಿ ಬಿಂದು. ಗಾಳಿಯನ್ನು ಎಷ್ಟು ತಣ್ಣಗೆ ಮಾಡಿದರೆ ಅದು ನೀರು ಬಿಡಲು ಶುರು ಮಾಡುತ್ತದೋ ಆ ಡಿಗ್ರಿ. ಸ್ಟ್ಯಾಂಡಿನ ಆ 20 ಡಿಗ್ರಿ, ಶೇ 45ರ ಗಾಳಿಯ ಇಬ್ಬನಿ ಬಿಂದು ಸುಮಾರು 8 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಯಾವ ವಸ್ತುವಾದರೂ ಬೆವರಲೇಬೇಕು, ತೊಲೆಯಾಗಲಿ, ಗಾಜಾಗಲಿ. ರಿಂಕಿನಲ್ಲಿ ಅದು 2 ಡಿಗ್ರಿಯ ಆಸುಪಾಸಿನಲ್ಲೋ ಇನ್ನೂ ಕೆಳಗೋ ಇದ್ದರೆ ನೆಮ್ಮದಿ. 12 ಡಿಗ್ರಿಯ ಗಾಳಿಯಲ್ಲಿ ತೇವಾಂಶ ಶೇ 50 ಇದ್ದರೆ ಆ ಲೆಕ್ಕ ಸರಿಹೋಗುತ್ತದೆ. ಶೇ 70ಕ್ಕೆ ಏರಿದರೆ ಇಬ್ಬನಿ ಬಿಂದು ಹೆಚ್ಚು ಕಡಿಮೆ 7ಕ್ಕೆ ಬಂದು ನಿಲ್ಲುತ್ತದೆ. ಆಗ ಸಲಾಕೆ ಹುಡುಕಿಕೊಳ್ಳಿ.

ಛಾವಣಿ ಅಷ್ಟು ಎತ್ತರದಲ್ಲಿದೆ, ಅದು ಯಾಕೆ ತಣ್ಣಗಾಗುತ್ತದೆ ಅಂತ ಕೇಳಬಹುದು. ನಾನೂ ವರ್ಷಗಟ್ಟಲೆ ಕೇಳಿಕೊಂಡೆ. ಬಯಲಲ್ಲಿ ನಿಲ್ಲಿಸಿದ ಕಾರಿನ ಮೇಲೆ ಬೆಳಗಿನ ಜಾವ ಇಬ್ಬನಿ ಕೂರುತ್ತದೆ. ರಾತ್ರಿಯೆಲ್ಲ ಅದು ತೆರೆದ ಆಕಾಶಕ್ಕೆ ತನ್ನ ಶಾಖ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗಿರುತ್ತದೆ. ರಿಂಕಿನ ಛಾವಣಿಗೆ ಕೆಳಗಿನ ಐಸೇ ಆಕಾಶ. ಹಗಲೂ ರಾತ್ರಿ ಅದನ್ನೇ ನೋಡುತ್ತಾ ತನ್ನ ಶಾಖವನ್ನು ಕೆಳಗೆ ಸುರಿಯುತ್ತದೆ, ತಾನು ತಣ್ಣಗಾಗುತ್ತದೆ. ಅದಕ್ಕೇ ಕೆಲವು ರಿಂಕುಗಳಲ್ಲಿ ಛಾವಣಿಯ ಕೆಳಗೆ ಅಲ್ಯೂಮಿನಿಯಂ ಹಾಳೆಯ ಹೊಳೆಯುವ ಪರದೆ ಕಟ್ಟುತ್ತಾರೆ. ಹೊಳೆಯುವ ಮೈ ಶಾಖವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಛಾವಣಿಯೂ ಬೆವರುವುದಿಲ್ಲ, ಐಸಿಗೂ ಹೊರೆ ಕಡಿಮೆ. ನಮ್ಮಲ್ಲಿ ಅದನ್ನು ಕಟ್ಟಿದ್ದು ನಾನು ನಿವೃತ್ತನಾಗುವ ಎರಡು ವರ್ಷ ಮೊದಲು. ‘ಅಲಂಕಾರಕ್ಕಾ?’ ಅಂತ ಕೇಳಿದವರೂ ಇದ್ದರು.

ಛಾವಣಿಯ ತೇವವನ್ನು ಹಗುರವಾಗಿ ತೆಗೆದುಕೊಳ್ಳಬಾರದು. 2006ರ ಜನವರಿ 2ರಂದು ಜರ್ಮನಿಯ ಬಾಟ್ ರೈಷನ್‌ಹಾಲ್‌ನಲ್ಲಿ ಐಸ್ ರಿಂಕಿನ ಛಾವಣಿ ಕುಸಿದು 15 ಜನ ಸತ್ತರು. ಹೆಚ್ಚಿನವರು ಮಕ್ಕಳು, ಹದಿಹರೆಯದವರು. ಅಂದು ಮೇಲೆ ಹಿಮದ ಭಾರವಿತ್ತು. ಕಟ್ಟಡದ ಲೆಕ್ಕಾಚಾರದಲ್ಲೂ ತಪ್ಪಿತ್ತು. ಜೊತೆಗೆ ಮರದ ತೊಲೆಗಳನ್ನು ಅಂಟಿಸಿದ್ದ ಯೂರಿಯಾ ಗೋಂದು ತೇವಕ್ಕೆ ತಡೆಯುವಂಥದ್ದಾಗಿರಲಿಲ್ಲ. ಮೂವತ್ತು ವರ್ಷ ತೇವ ಕುಡಿದು ಅದು ತನ್ನ ಹಿಡಿತ ಬಿಟ್ಟಿತ್ತು. ಆ ಸುದ್ದಿ ಬಂದ ವಾರ ನಾನು ಏಣಿ ಹತ್ತಿ ನಮ್ಮ ತೊಲೆಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ತಟ್ಟಿ ನೋಡಿದೆ. ನಮ್ಮವು ಕಬ್ಬಿಣದವು, ತುಕ್ಕು ಮೇಲ್ಮೈಯಲ್ಲಷ್ಟೇ ಇತ್ತು. ಆದರೂ ಅವತ್ತು ಕೈ ನಡುಗಿತ್ತು.

ಈಗ ಈ ಪತ್ರ ಬರೆಯಲು ಕೂತ ನಿಜವಾದ ಕಾರಣಕ್ಕೆ ಬರುತ್ತೇನೆ. ತೇವ ಒಳಗೆ ಬರುತ್ತದೆ ಅಂತ ಗೊತ್ತಾದ ಕೂಡಲೇ ಎಲ್ಲರಿಗೂ ಹೊಳೆಯುವ ಉಪಾಯ ಒಂದೇ. ಫ್ಯಾನ್ ಬಂದ್ ಮಾಡು, ಕಿಂಡಿ ಮುಚ್ಚು. ಕರೆಂಟ್ ಬಿಲ್ಲೂ ಇಳಿಯುತ್ತದೆ. ನಾನೂ ಇದನ್ನೇ ಮಾಡಿದ್ದೇನೆ. ಮೂರನೇ ವರ್ಷವೋ ನಾಲ್ಕನೇ ವರ್ಷವೋ, ಹೊರಗಾಳಿಯ ಫ್ಯಾನುಗಳನ್ನು ಒಂದು ವಾರ ನಿಲ್ಲಿಸಿದೆ. ಮೊಡವೆ ನಿಜಕ್ಕೂ ಕಡಿಮೆಯಾದವು. ಪುಸ್ತಕದಲ್ಲಿ 11, 9, 7 ಅಂತ ಹೆಮ್ಮೆಯಿಂದ ಬರೆದೆ. ಶುಕ್ರವಾರ ಸಂಜೆ ಐಸ್ ಹಾಕಿ ಆಟ ಕಲಿಯಲು ಬಂದ ಮಕ್ಕಳಲ್ಲಿ ಇಬ್ಬರು ತಲೆನೋವು ಅಂತ ಕೂತರು. ಮೂರನೆಯವನು ವಾಂತಿ ಮಾಡಿದ. ಕೋಚ್ ‘ಖಾಲಿ ಹೊಟ್ಟೆ ಇರಬೇಕು’ ಅಂದರು. ನನಗೂ ತಲೆ ಭಾರ ಇತ್ತು, ನಿದ್ದೆ ಸಾಲದೆ ಅಂದುಕೊಂಡೆ.

ಅದು ಕಾರ್ಬನ್ ಮಾನಾಕ್ಸೈಡ್. ಐಸ್ ನಯ ಮಾಡುವ ಗಾಡಿಯ ಹೊಗೆ. 1949ರಲ್ಲಿ ಅಮೆರಿಕದ ಫ್ರಾಂಕ್ ಜಾಂಬೋನಿ ಕಂಡುಹಿಡಿದ ಗಾಡಿ ಇದು. ಇವತ್ತಿಗೂ ಯಾವ ಕಂಪನಿಯದ್ದಾದರೂ ಜನ ಅವನ ಹೆಸರಲ್ಲೇ ಕರೆಯುತ್ತಾರೆ. ನಮ್ಮದು ಬೇರೆ ಕಂಪನಿಯದು, ಗ್ಯಾಸಿನಲ್ಲಿ ಓಡುವಂಥದ್ದು. ತಪ್ಪು ಗಾಡಿಯದಲ್ಲ. ಎಂಜಿನ್ ಟ್ಯೂನ್ ಮಾಡಿಸಿ ಒಂದೂವರೆ ವರ್ಷ ಆಗಿತ್ತು, ಫ್ಯಾನ್ ನಿಲ್ಲಿಸಿದ್ದು ನಾನು.

ರಿಂಕಿನಲ್ಲಿ ಈ ವಿಷಗಾಳಿ ಬೇರೆ ಕಡೆಗಿಂತ ಜಾಸ್ತಿ ಹೊತ್ತು ನಿಲ್ಲುತ್ತದೆ. ಐಸಿನ ಮೇಲಿನ ಗಾಳಿ ತಣ್ಣಗೆ, ಭಾರ. ಮೇಲೆ ಏಳುವುದಿಲ್ಲ. ಸುತ್ತ ಎದೆಯೆತ್ತರದ ಹಲಗೆ, ಅದರ ಮೇಲೆ ಗಾಜು. ಒಟ್ಟಿನಲ್ಲಿ ಒಂದು ಬೋಗುಣಿ. ಹೊಗೆ ಆ ಬೋಗುಣಿಯ ತಳದಲ್ಲಿ ಕೂತುಬಿಡುತ್ತದೆ. ಛಾವಣಿಯ ಎಕ್ಸಾಸ್ಟ್ ಫ್ಯಾನ್ ಮೇಲಿನ ಗಾಳಿಯನ್ನಷ್ಟೇ ಎಳೆಯುತ್ತಿರುತ್ತದೆ, ಕೆಳಗಿನದಕ್ಕೆ ಗೊತ್ತೇ ಆಗುವುದಿಲ್ಲ. ಆ ತಳದಲ್ಲೇ ಮಕ್ಕಳ ಮೂಗು ಇರುವುದು. ಅವರೋ ಏದುಸಿರು ಬಿಡುತ್ತಾ ಓಡುತ್ತಿರುತ್ತಾರೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ರಕ್ತಕ್ಕೆ ಸೇರಿದರೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಿಗಿಯಲ್ಲಿ ಅಂಟಿಕೊಳ್ಳುತ್ತದೆ.

ಇದರ ತಮ್ಮನೊಬ್ಬ ಇದ್ದಾನೆ, ನೈಟ್ರೋಜನ್ ಡೈಆಕ್ಸೈಡ್. ಅವನು ಶ್ವಾಸಕೋಶ ಕಚ್ಚುವವನು. ಎಷ್ಟೋ ಸಲ ಮನೆಗೆ ಹೋಗಿ ಗಂಟೆಗಟ್ಟಲೆ ಆದ ಮೇಲೆ ಕೆಮ್ಮು ಶುರುವಾಗುತ್ತದೆ, ಹಾಗಾಗಿ ಯಾರಿಗೂ ರಿಂಕಿನ ನೆನಪೇ ಬರುವುದಿಲ್ಲ. 1987ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಹೈಸ್ಕೂಲ್ ಹಾಕಿ ಪಂದ್ಯಗಳಿಗೆ ಹೋದ 116 ಜನರಿಗೆ ಹೀಗೆ ಆಯಿತು. ಕೆಮ್ಮು, ಉಬ್ಬಸ, ಕೆಲವರಿಗೆ ಕಫದಲ್ಲಿ ರಕ್ತ. ಆಟಗಾರರಷ್ಟೇ ಅಲ್ಲ, ಬ್ಯಾಂಡ್ ಬಾರಿಸಿದವರೂ ಇದ್ದರು. ಹುಡುಕಿದಾಗ ಸಿಕ್ಕಿದ್ದು ಕೆಟ್ಟುಹೋಗಿದ್ದ ಐಸ್ ಗಾಡಿಯ ಎಂಜಿನ್. ಇವತ್ತು ಆ ರಾಜ್ಯದಲ್ಲಿ ರಿಂಕಿನ ಗಾಳಿಗೆ ನಿಯಮವೇ ಇದೆ. ಎರಡೂ ಅನಿಲಗಳನ್ನು ಅಳೆಯಬೇಕು, ಮಿತಿ ಮೀರಿದರೆ ಏನು ಮಾಡಬೇಕೆಂಬುದೂ ಬರೆದಿದೆ.

ಮೆಕ್ಯಾನಿಕ್‌ಗಳಿಗೆ ಒಂದು ಮಾತು. ಮಿಶ್ರಣದಲ್ಲಿ ಇಂಧನ ಜಾಸ್ತಿಯಾದರೆ ಮಾನಾಕ್ಸೈಡ್ ಏರುತ್ತದೆ. ಅದನ್ನು ಇಳಿಸಲು ಗಾಳಿ ಹೆಚ್ಚಿಸಿ ಎಂಜಿನ್ ಬಿಸಿಯಾಗಿ ಉರಿಸಿದರೆ ನೈಟ್ರೋಜನ್ ಡೈಆಕ್ಸೈಡ್ ಏರುತ್ತದೆ. ಒಂದನ್ನೇ ಅಳೆದು ಸರಿಹೋಯಿತು ಅಂತ ಕೈ ಒರೆಸಿಕೊಳ್ಳಬೇಡಿ. ಹಲಗೆಯ ಅಂಚಿನ ಐಸ್ ಕೆರೆಯುವ ಪುಟ್ಟ ಪೆಟ್ರೋಲ್ ಯಂತ್ರ ಇರುತ್ತದಲ್ಲ, ಅದನ್ನೂ ಮರೆಯಬೇಡಿ. ಗಾತ್ರ ನೋಡಿ ಎಲ್ಲರೂ ಅದನ್ನು ಬಿಟ್ಟುಬಿಡುತ್ತಾರೆ.

ಆ ಶುಕ್ರವಾರದ ನಂತರ ನಾವು ಗ್ಯಾಸ್ ಅಲಾರ್ಮ್ ಹಾಕಿಸಿದೆವು. ಮೊದಲ ತಿಂಗಳೇ ಎರಡು ಸಲ ಕೂಗಿತು. ಎರಡನೇ ಸಲ ಸ್ಪರ್ಧೆ ನಡೆಯುತ್ತಿತ್ತು. ಮೇಲಿನವರೊಬ್ಬರು ಬಂದು ಬ್ಯಾಟರಿ ತೆಗೆಸಿದರು. ಹೆಸರು ಬೇಡ. ಬ್ಯಾಟರಿಯನ್ನು ನಾನು ಅರ್ಧ ಗಂಟೆಯಲ್ಲಿ ವಾಪಸ್ ಹಾಕಿದೆ, ಆ ವರ್ಷ ನನ್ನ ಬಡ್ತಿ ತಪ್ಪಿತು. ಅದಿರಲಿ.

ಹಾಗಾದರೆ ಮಾಡುವುದೇನು? ಕಿಂಡಿ ಮುಚ್ಚಿದರೆ ವಿಷ, ತೆಗೆದರೆ ತೇವ. ತೇವ ತೆಗೆಯುವುದು ಒಂದು ಕೆಲಸ, ಹೊಸ ಗಾಳಿ ಕೊಡುವುದು ಇನ್ನೊಂದು. ಎರಡನ್ನೂ ಒಂದೇ ಫ್ಯಾನಿನ ಸ್ವಿಚ್ಚಿಗೆ ಕಟ್ಟಿದ್ದೇ ತಪ್ಪು. ಹೊರಗಿನ ಗಾಳಿ ಬರಲಿ, ಆದರೆ ಒಣಗಿ ಬರಲಿ. ಹೊಸ ಚಪ್ಪಲಿ ಡಬ್ಬದಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣ ನೆನಪಿದೆಯಾ? ಅದೇ ಸಿಲಿಕಾ ಜೆಲ್ ಅನ್ನು ಜೇನುಗೂಡಿನಂಥ ದೊಡ್ಡ ಚಕ್ರದಲ್ಲಿ ಲೇಪಿಸಿರುತ್ತಾರೆ. ಚಕ್ರ ನಿಧಾನಕ್ಕೆ ಸುತ್ತುತ್ತದೆ, ಗಂಟೆಗೆ ಕೆಲವೇ ಸುತ್ತು. ಒಂದು ಕಡೆಯಿಂದ ಒಳಗೆ ಬರುವ ಗಾಳಿ ತನ್ನ ನೀರನ್ನು ಅದಕ್ಕೆ ಕೊಟ್ಟು ಬರುತ್ತದೆ. ಇನ್ನೊಂದು ಕಡೆ ಬಿಸಿಗಾಳಿ ಊದಿ ಆ ನೀರನ್ನು ಹೊರಗೆ ಓಡಿಸುತ್ತಾರೆ. ತೇವ ತೆಗೆಯುವ ಮಾಮೂಲಿ ಯಂತ್ರ, ಅಂದರೆ ಡಿಹ್ಯೂಮಿಡಿಫೈಯರ್, ರಿಂಕಿನ ಚಳಿಯಲ್ಲಿ ಒದ್ದಾಡುತ್ತದೆ, ಅದರೊಳಗಿನ ತಣ್ಣನೆ ಕೊಳವೆಯ (ಕಾಯಿಲ್) ಮೇಲೆಯೇ ಐಸ್ ಕಟ್ಟುತ್ತದೆ. ಅದನ್ನು ಕರಗಿಸಲು ಆಗಾಗ ನಿಲ್ಲಿಸಬೇಕು. ಚಕ್ರಕ್ಕೆ ಆ ತಾಪತ್ರಯ ಇಲ್ಲ.

‘ಬಿಸಿಗಾಳಿಗೆ ಖರ್ಚು’ ಅನ್ನುತ್ತಾರೆ. ನಿಜ. ಕಂಪ್ರೆಸರ್ ಹೊರಗೆ ಚೆಲ್ಲುವ ಶಾಖ ಸುಮ್ನೆ ಹಾಳಾಗುತ್ತಿರುತ್ತದೆ, ಅದರಿಂದ ಗಾಳಿಯನ್ನು ಮೊದಲೇ ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಬಹುದು. ಇನ್ನೊಂದು ಲೆಕ್ಕವೂ ಇದೆ. ಒಂದು ಲೀಟರ್ ನೀರನ್ನು ಸೊನ್ನೆ ಡಿಗ್ರಿಯಲ್ಲಿ ಐಸ್ ಮಾಡಲು 334 ಕಿಲೋಜೂಲ್ ಶಾಖ ತೆಗೆದರೆ ಸಾಕು. ಅಷ್ಟೇ ನೀರು ಹಬೆಯ ರೂಪದಲ್ಲಿ ಬಂದು ಐಸಿನ ಮೇಲೆ ಕೂತರೆ ಸುಮಾರು 2,800 ತೆಗೆಯಬೇಕು. ಎಂಟು ಪಟ್ಟಿಗೂ ಜಾಸ್ತಿ. ತೇವ ತೆಗೆಯದೆ ಉಳಿಸಿದ ದುಡ್ಡನ್ನು ಕಂಪ್ರೆಸರ್ ಸದ್ದಿಲ್ಲದೆ ತಿಂದು ಹಾಕುತ್ತದೆ.

ಉಳಿದವು ಸಣ್ಣವು. ಒಂದರ ಹಿಂದೆ ಒಂದು ಎರಡು ಬಾಗಿಲು ಇರಲಿ, ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯಲಿ. ಗಾಡಿ ಐಸಿನ ಮೇಲೆ ಸುರಿಯುವ ಬಿಸಿನೀರೂ ಹಬೆಯ ಮೂಲವೇ, ಬೇಕಾದ್ದಕ್ಕಿಂತ ಜಾಸ್ತಿ ಸುರಿಯಬೇಡಿ. ಗಾಳಿಯ ನಳಿಕೆಯನ್ನು ನೇರ ಐಸಿಗೆ ತಿರುಗಿಸಬೇಡಿ. ಗಾಡಿ ಬದಲಾಯಿಸುವ ಕಾಲ ಬಂದಾಗ ಬ್ಯಾಟರಿಯದ್ದನ್ನೇ ತನ್ನಿ.

ಮೀಟರ್ ಇಲ್ಲದವರಿಗೆ ನನ್ನ ಹಳೇ ಉಪಾಯ. ಒಂದು ಸ್ಟೀಲ್ ಲೋಟಕ್ಕೆ ಅರ್ಧ ನೀರು ಹಾಕಿ. ಥರ್ಮಾಮೀಟರ್ ಇಳಿಬಿಟ್ಟು, ಐಸ್ ಚೂರು ಒಂದೊಂದಾಗಿ ಹಾಕುತ್ತಾ ಕಲಕಿ. ಲೋಟದ ಹೊರಮೈ ಮಸುಕಾದ ಕ್ಷಣದ ಡಿಗ್ರಿ ಬರೆದುಕೊಳ್ಳಿ. ಅದೇ ಇಬ್ಬನಿ ಬಿಂದು. ನೀರು ಸೊನ್ನೆಗೆ ಹತ್ತಿರ ಬಂದರೂ ಲೋಟ ಹೊಳೆಯುತ್ತಲೇ ಇದ್ದರೆ ನಿಮ್ಮ ರಿಂಕಿನವರಿಗೆ ನನ್ನದೊಂದು ಸಲಾಂ ಹೇಳಿ. ಮಕ್ಕಳನ್ನು ತರಗತಿಗೆ ಬಿಡುವ ತಂದೆ ತಾಯಂದಿರೂ ಇದನ್ನು ಮಾಡಬಹುದು. ವಿಷಗಾಳಿ ಮಾತ್ರ ಲೋಟಕ್ಕೆ ಸಿಗುವುದಿಲ್ಲ. ಅದಕ್ಕೆ ಅಲಾರ್ಮ್ ಎಲ್ಲಿದೆ, ಅದರಲ್ಲಿ ಬ್ಯಾಟರಿ ಇದೆಯಾ ಅಂತ ಬಾಯಿಬಿಟ್ಟು ಕೇಳಬೇಕು. ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ.

ಕಡೆಗೆ ನಿಮ್ಮ ಫೋಟೋಗೆ ಬರುತ್ತೇನೆ. ಕತ್ತರಿಸುವ ಮೊದಲು ಭೂತಗನ್ನಡಿ ಹಿಡಿದು ನೋಡಿದೆ. ಹುಡುಗಿಯ ಹಿಂದೆ, ಎಡಗಡೆ ಮೂಲೆಯಲ್ಲಿ ಐಸ್ ಗಾಡಿ ನಿಂತಿದೆ. ಅದರ ಪಕ್ಕದ ದೊಡ್ಡ ಬಾಗಿಲು ಹಾರು ಹೊಡೆದಿದೆ, ಹೊರಗಿನ ಒದ್ದೆ ರಸ್ತೆ ಕಾಣುತ್ತದೆ. ನಿಮ್ಮ ಫೋಟೋಗ್ರಾಫರ್ ಬಳಿ ಆ ರಿಂಕಿನ ನಂಬರ್ ಇರಬಹುದು. ಒಂದು ಫೋನ್ ಮಾಡಿ ಆ ಬಾಗಿಲು ಮುಚ್ಚಲು ಹೇಳಿಸುತ್ತೀರಾ?

ಇಂತಿ,
ನಿವೃತ್ತ ರಿಂಕ್ ಮೆಕ್ಯಾನಿಕ್, ನಿಮ್ಮ ಹಳೇ ಓದುಗ